ಮನೆ ಅವರಿಗೆ, ಸಾಲ ಯಾರಿಗೆ?

ಪ್ರಶ್ನೆ: ಮದುವೆಯಾಗಿ 11 ವರ್ಷಗಳ ನಂತರ ನಾನು ಮತ್ತು ಪತಿ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುತ್ತಿದ್ದೇವೆ. ಮನೆಯೂ ಗೃಹಸಾಲವೂ ಇಬ್ಬರ ಹೆಸರಿನಲ್ಲಿವೆ. ನನ್ನ ಪಾಲು ಬಿಟ್ಟುಕೊಟ್ಟರೆ ಉಳಿದ ಕಂತುಗಳನ್ನು ತಾವೇ ಕಟ್ಟುವುದಾಗಿ ಅವರು ಬರೆದುಕೊಡುತ್ತಾರಂತೆ. ಸಹಿ ಹಾಕಬಹುದೇ? ಜಂಟಿ ಖಾತೆಯ ಹಣವನ್ನು ಈಗಲೇ ನನ್ನ ಖಾತೆಗೆ ವರ್ಗಾಯಿಸಿಕೊಳ್ಳಲೇ?

ಉತ್ತರ: ಸದ್ಯಕ್ಕೆ ಸಹಿ ಬೇಡ. ಅವರು ಬರೆದುಕೊಡುವ ಪತ್ರ ನಿಮ್ಮಿಬ್ಬರ ನಡುವಿನ ಒಪ್ಪಂದವೇ ಹೊರತು, ಅದಕ್ಕೆ ಬ್ಯಾಂಕು ಕಟ್ಟುಬೀಳುವುದಿಲ್ಲ. ಜಂಟಿ ಸಾಲದಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬರೂ ಅರ್ಧಕ್ಕಲ್ಲ, ಪೂರ್ತಿ ಮೊತ್ತಕ್ಕೆ ಹೊಣೆಗಾರರಾಗಿರುವುದರಿಂದ, ನಾಳೆ ಅವರು ಕಂತು ತಪ್ಪಿಸಿದರೆ ನೋಟಿಸು ನಿಮಗೂ ಬರುತ್ತದೆ, ನಿಮ್ಮ ಸಾಲದ ದಾಖಲೆಯೂ ಕೆಡುತ್ತದೆ. ಮನೆಯ ಹಕ್ಕು ಹೋಗಿ ಸಾಲ ಮಾತ್ರ ಉಳಿಯುವ ಈ ಸ್ಥಿತಿಗೆ ಬಹುಪಾಲು ಕಾರಣ ದುರುದ್ದೇಶವಲ್ಲ, ಕಾಗದಗಳ ಕ್ರಮ ತಪ್ಪುವುದು. ಅವರು ಸಾಲವನ್ನು ತಮ್ಮೊಬ್ಬರ ಹೆಸರಿಗೆ ಮಾಡಿಸಿಕೊಳ್ಳಲಿ. ಅವರೊಬ್ಬರ ಆದಾಯಕ್ಕೆ ಬ್ಯಾಂಕು ಅಷ್ಟು ಸಾಲ ಕೊಡದಿದ್ದರೆ ಮನೆ ಮಾರಿ ತೀರಿಸುವುದನ್ನು ಯೋಚಿಸಿ. ನಿಮ್ಮನ್ನು ಹೊಣೆಯಿಂದ ಬಿಡುಗಡೆ ಮಾಡಿರುವುದಾಗಿ ಬ್ಯಾಂಕಿನ ಪತ್ರ ಕೈಸೇರಿದ ಮೇಲೆ, ಅಥವಾ ಅದರೊಂದಿಗೇ, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ. ನಿಮ್ಮ ಪಾಲಿಗೆ ಪ್ರತಿಯಾಗಿ ಏನು ಸಿಗಬೇಕೆಂಬುದು ಆಯಾ ದೇಶದ ಕಾನೂನನ್ನು ಅವಲಂಬಿಸಿರುವುದರಿಂದ, ಅದನ್ನು ನಿಮ್ಮದೇ ವಕೀಲರಲ್ಲಿ ಕೇಳಿ. ಇಬ್ಬರಿಗೂ ಒಬ್ಬರೇ ವಕೀಲರು ಸಾಕೆಂಬ ಉಳಿತಾಯ ನನಗೆ ಸರಿಕಾಣುವುದಿಲ್ಲ.

ಜಂಟಿ ಖಾತೆಯನ್ನು ಬರಿದು ಮಾಡಬೇಡಿ. ನ್ಯಾಯಾಲಯದ ಮುಂದೆ ಅದು ನಿಮಗೇ ಮುಳುವಾಗಬಹುದು. ಬದಲಿಗೆ, ಇಬ್ಬರ ಸಹಿಯಿಲ್ಲದೆ ಹಣ ತೆಗೆಯಲಾಗದಂತೆ ಮಾಡಲು ಬ್ಯಾಂಕಿಗೆ ಲಿಖಿತವಾಗಿ ಕೇಳಿ. ಮನೆಗೆ ಮುಂಗಡ ಕಟ್ಟಿದ ತಿಂಗಳಿನಿಂದ ಇಲ್ಲಿಯವರೆಗಿನ ಖಾತೆ ವಿವರಗಳನ್ನು ಇಳಿಸಿಕೊಂಡಿಡಿ: ಯಾರ ದುಡ್ಡು ಎಷ್ಟು ಹೋಗಿದೆ ಎನ್ನುವುದಕ್ಕೆ ನೆನಪಿಗಿಂತ ಆ ಹಾಳೆಗಳೇ ಸಾಕ್ಷಿ. ನಿಮ್ಮ ಸ್ವಂತ ಖಾತೆಗೆ ನೋಂದಾಯಿಸಿದ ಮೊಬೈಲ್ ಸಂಖ್ಯೆ ಯಾರದೆಂದೂ ನೋಡಿಕೊಳ್ಳಿ. ಒಟಿಪಿ ಇನ್ನೂ ಪತಿಯ ಫೋನಿಗೇ ಹೋಗುತ್ತಿದ್ದರೆ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ.

ನೀವು ಕೇಳದಿದ್ದರೂ ಒಂದು ಮಾತು. ವಿಮೆ, ಠೇವಣಿಗಳ ನಾಮಿನಿ ಹೆಸರು ವಿಚ್ಛೇದನವಾದ ಮಾತ್ರಕ್ಕೆ ಎಲ್ಲ ಕಡೆಯೂ ತಾನಾಗಿ ಅಳಿಸಿಹೋಗುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ಅರ್ಜಿ ಕೊಟ್ಟು, ಬದಲಾವಣೆಯ ಸ್ವೀಕೃತಿ ಪಡೆಯಿರಿ.