ಅಜ್ಜನ ಮನೆಯಲ್ಲಿ ಹಳೇ ಕಡತ ಸಿಕ್ಕಿದೆ, ಸ್ವಚ್ಛ ಮಾಡಿ ಯೂನಿವರ್ಸಿಟಿಗೆ ಕೊಡಲಾ, ಮಾರಲಾ?

ಮೊದಲು ಕೈಯಲ್ಲಿರೋ ಬಟ್ಟೆ ಕೆಳಗಿಡಿ. ಕೊಡೋದು, ಮಾರೋದು ಆಮೇಲೆ. ನನಗೆ ಎದೆ ಧಸಕ್ ಅಂದಿದ್ದು ನಿಮ್ಮ ‘ಸ್ವಚ್ಛ ಮಾಡಿ’ ಅನ್ನೋ ಮಾತಿಗೆ.

ನಮ್ಮದು ಗೌರಿಬಿದನೂರು ಕಡೆ. ಹಿಂದೆ ಮನೆಯಲ್ಲಿ ಶಾನುಭೋಗಿಕೆ ಇತ್ತು. ಹಳೇ ಮನೆ ಕೆಡವುವಾಗ ಅಟ್ಟದ ಮೇಲೆ, ಹಿತ್ತಾಳೆ ಪಾತ್ರೆಗಳ ಹಿಂದೆ, ಎರಡು ಹಲಗೆ ನಡುವೆ ಮಡಚಿಟ್ಟ ಕಪ್ಪು ಬಟ್ಟೆ ಸಿಕ್ಕಿತು. ಬಿಚ್ಚಿದರೆ ಹಜಾರದ ಈ ಗೋಡೆಯಿಂದ ಆ ಗೋಡೆವರೆಗೆ ಬಂತು. ಇಲಿ ಹಿಕ್ಕೆ, ಧೂಳು, ಅದರ ಕೆಳಗೆ ಬೆಳ್ಳಗಿನ ಗೀಚು. ಹೀಗೇ ಕೊಟ್ಟರೆ ಏನಂದುಕೊಳ್ತಾರೋ ಅಂತ ಹಳೇ ಪಂಚೆ ಒದ್ದೆ ಮಾಡಿ ಒರೆಸಿದೆ. ಐದು ಮಡಿಕೆ ಆದ ಮೇಲೆ ಪಂಚೆ ನೋಡಿದೆ. ಕೊಳೆ ಜೊತೆ ಸುಣ್ಣದ ಹಾಗೆ ಬಿಳಿ ಮೆತ್ತಿಕೊಂಡಿತ್ತು. ಅದು ಅಕ್ಷರ.

ಕಡತ ಅಂದರೆ ಈಗ ನಮಗೆ ಆಫೀಸಿನ ಫೈಲು, ಅಲ್ವಾ? ಹಿಂದೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಚಿದರೆ ಅದು ಕಡತ. ಬರೆಯುತ್ತಿದ್ದದ್ದು ಬಳಪದಲ್ಲಿ. ಮಸಿ ಅಲ್ಲ, ಬಳಪ! ಲೆಕ್ಕ ತಪ್ಪಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದಿತ್ತು. ನಾನು ಸ್ಲೇಟು ಒರೆಸಿದ ಹಾಗೆ ಒರೆಸಿಬಿಟ್ಟಿದ್ದೆ. ಓಲೆಗರಿಯಲ್ಲಾದರೆ ಕಬ್ಬಿಣದ ಕಂಟದಿಂದ ಕೊರೆದ ಅಕ್ಷರ, ಸ್ವಲ್ಪ ತಡೆದುಕೊಳ್ಳುತ್ತೆ. ಕಡತಕ್ಕೆ ಆ ಭಾಗ್ಯ ಇಲ್ಲ.

ಯೂನಿವರ್ಸಿಟಿಗೆ ಒಯ್ದಾಗ ಹಸ್ತಪ್ರತಿ ವಿಭಾಗದವರು ಬಿಚ್ಚಿ ನೋಡಿ, “ಮೊದಲಿನದೆಲ್ಲ ಖಾಲಿನಾ ಸಾರ್?” ಅಂದರು. ಹೌದು ಅಂದೆ, ನಾಚಿಕೆಗೆ. ಆರನೇ ಮಡಿಕೆಯಿಂದ ರಾಗಿ ಎಷ್ಟು ಖಂಡುಗ, ಕೆರೆ ಕೆಲಸದ ಕೂಲಿ ಎಷ್ಟು ಅಂತ ಓದುತ್ತಾ ಹೋದರು. ಯಾವ ಸಂವತ್ಸರ, ಯಾವ ಊರು ಅನ್ನೋದು ಲೆಕ್ಕದ ತಲೆಯಲ್ಲಿ ಇರುತ್ತಂತೆ. ಅದು ನನ್ನ ಪಂಚೆಯಲ್ಲಿ ಹೋಗಿತ್ತು.

ಮಾರೋ ಯೋಚನೆ ಬಿಡಿ, ಹಲಗೆ ಚೆನ್ನಾಗಿದೆ ಅಂತ ಯಾರೋ ಷೋಕೇಸಿಗೆ ಕೊಳ್ತಾರೆ ಅಷ್ಟೇ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಶುರುವಾದದ್ದು, ಈಗ ವಿಶ್ವವಿದ್ಯಾಲಯದ ಕೈಯಲ್ಲಿದೆ. ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ಓಲೆಗರಿ ಕಟ್ಟು ಕೊಟ್ಟಿದ್ದಕ್ಕೇ ಅಲ್ಲಿನ ಗ್ರಂಥಪಾಲಕ ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು, 1909ರಲ್ಲಿ ಅಚ್ಚಾಗಿದ್ದು. ನಿಮ್ಮದೂ ಕೊಡಿ, ಇಲಿ ಹಿಕ್ಕೆ ಸಮೇತ. ಯಾವ ಊರು, ಯಾರ ಮನೆ ಅಂತ ಬೇರೆ ಚೀಟಿಯಲ್ಲಿ ಬರೆದಿಡಿ. ರಸೀದಿ ಕೇಳಿ, ಮಡಿಕೆ ಎಷ್ಟು ಅಂತ ಅದರಲ್ಲಿ ಬರೆಸಿ. ನನ್ನ ರಸೀದಿಯಲ್ಲಿ ‘ಮೊದಲ ಐದು ಮಡಿಕೆ ಖಾಲಿ’ ಅಂತ ಇದೆ.