ಟಿವಿ ಆಮೇಲೆ ತರೋಣ, ಮೊದಲು ಒಬ್ಬೊಬ್ಬರನ್ನೇ ಕೂರಿಸಿ ಓದಿಸಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರಾಗಿದ್ದೀರಿ. ಐದನೇ ತರಗತಿಗೆ ಬಂದ ಮಕ್ಕಳಿಗೂ ಸರಿಯಾಗಿ ಓದಲು ಬರಲ್ಲ. ದಾನಿಯೊಬ್ಬರು ಸ್ಮಾರ್ಟ್ ಟಿವಿ ಕೊಡಿಸ್ತೀನಿ ಅಂದಿದ್ದಾರೆ. ಅದರಿಂದ ಮಕ್ಕಳ ಕಲಿಕೆ ಸುಧಾರಿಸುತ್ತಾ, ಇಲ್ಲಾ ಬೇರೇನಾದರೂ ಮಾಡಬೇಕಾ?

ಯಾದಗಿರಿ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಹದಿನಾರು ವರ್ಷ ಪಾಠ ಮಾಡಿದವನು ನಾನು. ನಮ್ಮ ಶಾಲೆಗೂ ಒಂದು ಟಿವಿ ಬಂದಿತ್ತು. ಮೊದಲ ವಾರ ಜಾತ್ರೆ. ಆಮೇಲೆ ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ. ಟಿವಿ ಕೆಟ್ಟದ್ದು ಅಂತಲ್ಲ. ಪುಸ್ತಕದಲ್ಲಿರುವ ಅಕ್ಷರ ಓದಲು ಬಾರದ ಮಗುವಿಗೆ ಟಿವಿಯಲ್ಲಿ ಬರುವ ಅಕ್ಷರವೂ ಓದಲು ಬರಲ್ಲ, ಅಲ್ವಾ?

ಒಬ್ಬ ಹುಡುಗನ ಕತೆ ಹೇಳ್ತೀನಿ. ಐದನೇ ತರಗತಿ. ಪಾಠ ಓದು ಅಂದರೆ ಎದ್ದು ನಿಂತು ಗಡಗಡ ಓದುತ್ತಿದ್ದ. ಒಂದು ದಿನ ಸುಮ್ನೆ ಮೂರನೇ ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು?’ ಅಂದೆ. ಅವನು ತನ್ನ ಬೆರಳನ್ನು ಸಾಲಿನ ಶುರುವಿಗೆ ಒಯ್ದ. ಅಲ್ಲಿಂದ ಬಾಯೊಳಗೇ ಗುನುಗುತ್ತಾ ಬಂದು, ಆ ಪದದ ಹತ್ತಿರ ನಿಂತು ಹೇಳಿದ. ನನಗೆ ಅನುಮಾನ ಬಂತು. ಗೋಡೆ ಮೇಲೆ ಬರೆದಿದ್ದ ಬಿಸಿಯೂಟದ ಪಟ್ಟಿ ತೋರಿಸಿ ಓದು ಅಂದೆ. ‘ಸರ, ಅದು ನಮ್ಮ ಪಾಠದಾಗ ಇಲ್ರಿ’ ಅಂದ. ಐದು ವರ್ಷ ಆ ಹುಡುಗ ಕಿವಿಯಿಂದಲೇ ಓದಿದ್ದ! ನೋಟ್‌ಬುಕ್ ನೋಡಿದರೆ ಅಕ್ಷರ ಮುತ್ತಿನ ಹಾಗೆ. ಬೋರ್ಡ್ ನೋಡಿ ಬರೆಯುವುದು ಅವನಿಗೆ ಚಿತ್ರ ಬಿಡಿಸಿದ ಹಾಗೆ. ಹಾಜರಿ ಪೂರ್ತಿ, ಪರೀಕ್ಷೆಯಲ್ಲಿ ಪಾಸು. ತಪ್ಪು ಅವನದಲ್ಲ. ನಾನೂ ಎರಡು ವರ್ಷ ಅವನ ಎದುರಿಗೇ ನಿಂತು ಪಾಠ ಮಾಡಿದ್ದೆ.

ಅದಕ್ಕೇ ಹೇಳುವುದು, ಮೊದಲು ಒಬ್ಬೊಬ್ಬರನ್ನೇ ಕೂರಿಸಿ ಓದಿಸಿ. ಒಂದು ಹಾಳೆ ಸಾಕು. ಒಂದು ಕಡೆ ಬಿಡಿ ಅಕ್ಷರ, ಇನ್ನೊಂದು ಕಡೆ ಸಣ್ಣ ಪದ, ಕೆಳಗೆ ನಾಲ್ಕು ಸಾಲು, ಹಿಂದೆ ಒಂದು ಪುಟ್ಟ ಕತೆ. ಪಠ್ಯಪುಸ್ತಕದಿಂದ ಮಾತ್ರ ತೆಗೆಯಬೇಡಿ, ಕಾರಣ ಮೇಲೆ ಹೇಳಿದೆನಲ್ಲ. ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಅನ್ನುವ ಸ್ವಯಂಸೇವಾ ಸಂಸ್ಥೆ 2005ರಲ್ಲಿ ಶುರು ಮಾಡಿದ, ಹಳ್ಳಿ ಮಕ್ಕಳ ಓದು-ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ನೋಡುವುದೂ ಇದೇ ರೀತಿ. ಒಂದು ಮಗುವಿಗೆ ಐದು ನಿಮಿಷ. ನಿಮ್ಮ ಇಡೀ ಶಾಲೆ ಎರಡು ದಿನದಲ್ಲಿ ಮುಗಿಯುತ್ತೆ.

ಆಮೇಲೆ ದಿನಕ್ಕೆ ಒಂದೂವರೆ ಗಂಟೆ ಯಾರು ಯಾವ ತರಗತಿ ಅನ್ನುವುದನ್ನು ಮರೆತುಬಿಡಿ. ಅಕ್ಷರ ಬಾರದವರು ಒಂದು ಕಡೆ, ಪದ ಓದುವವರು ಒಂದು ಕಡೆ, ಸಾಲು ಓದುವವರು ಇನ್ನೊಂದು ಕಡೆ. ಮೂರನೆಯವನೂ ಐದನೆಯವನೂ ಒಟ್ಟಿಗೆ ಕೂತರೆ ಕೂರಲಿ. ದೊಡ್ಡ ಮಕ್ಕಳಿಗೆ ನಾಚಿಕೆ ಆಗುತ್ತೆ, ನಿಜ. ಗುಂಪುಗಳಿಗೆ ಬೇವು, ಹುಣಸೆ, ಮಾವು ಅಂತ ಹೆಸರಿಟ್ಟೆವು. ಯಾವ ಮರ ಅಂದರೆ ಏನು ಅನ್ನುವುದು ಮಕ್ಕಳಿಗೆ ಎರಡೇ ದಿನದಲ್ಲಿ ಗೊತ್ತಾಯ್ತು ಬಿಡಿ. ಆದರೆ ತಿಂಗಳಿಗೊಮ್ಮೆ ಮತ್ತೆ ಓದಿಸಿ ಗುಂಪು ಬದಲಿಸಿದಾಗ ನಾಚಿಕೆ ಹೋಯ್ತು.

ಇದೇನೂ ನನ್ನ ಕಲ್ಪನೆಯಲ್ಲ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಹಿಂದೆ ಪ್ರಥಮ್ ಜೊತೆ ಸೇರಿ ವಡೋದರಾ ಮತ್ತು ಮುಂಬೈ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದ್ದರು. ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅದೇ ಊರಿನ ಓದಿದ ಹುಡುಗಿಯರಿಂದ ಪಾಠ ಹೇಳಿಸಿದರು. ಮಕ್ಕಳು ಸುಧಾರಿಸಿದರು. ನಮ್ಮಲ್ಲೂ ನಾಲ್ಕು, ಐದನೇ ತರಗತಿಗೆ ‘ಓದು ಕರ್ನಾಟಕ’ ಅಂತ ಇದೇ ದಾರಿಯ ಕಾರ್ಯಕ್ರಮ ಬಂದಿತ್ತು. ಅದರ ಸಾಮಗ್ರಿ ನಿಮ್ಮ ಶಾಲೆಯ ಬೀರುವಿನಲ್ಲೇ ಇರಬಹುದು, ಕೇಳಿ ನೋಡಿ. ಊರಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿರುವ ಹುಡುಗಿ ಇದ್ದೇ ಇರ್ತಾಳೆ. ದಾನಿಗಳ ಟಿವಿ ದುಡ್ಡಿನಲ್ಲಿ ಅವಳಿಗೆ ಒಂದು ವರ್ಷ ಗೌರವಧನ ಕೊಡಬಹುದು.

ಅಕ್ಷರವೇ ಬಾರದವರಿಗೆ ಅ ಆ ಇ ಈ ಇಂದ ಶುರು ಮಾಡಬೇಡಿ. ಇದನ್ನು ಕಲಿಸಿದ್ದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗಳಿಗೆ ಹೋಗಿ ನೋಡಿಬಂದು ಕಟ್ಟಿದ ಪದ್ಧತಿ ಅದು. ಅದರಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರ. ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಓದಬಹುದು. ಕಾಗುಣಿತ ಬೇಡ, ಒತ್ತು ಬೇಡ. ಒಂದು ವಾರಕ್ಕೆ ಮಗು ‘ಗರಗಸ’ ಅಂತ ತಾನೇ ಓದಿದರೆ ಅದರ ಮುಖ ನೋಡಬೇಕು ನೀವು.

ಮಕ್ಕಳು ನಿಜವಾಗಿ ಸಿಕ್ಕಿಬೀಳುವುದು ಒತ್ತಕ್ಷರದಲ್ಲಿ. ‘ಕತ್ತೆ’ ಅಂತ ಬರೆದಿದ್ದರೆ ‘ಕತೆ’ ಅಂತ ಓದಿ ಮುಂದೆ ಹೋಗ್ತಾರೆ. ನಾನು ಎರಡನ್ನೂ ಪಕ್ಕಪಕ್ಕ ಬರೆದು, ‘ಅಜ್ಜಿ ಕತ್ತೆ ಹೇಳಿದಳು’ ಅಂತ ಓದಿಸುತ್ತಿದ್ದೆ. ನಗು ಬಂದರೆ ಒತ್ತು ಕಂಡಿದೆ ಅಂತ ಲೆಕ್ಕ. ನಗದೇ ಕೂತವರನ್ನು ಗುರುತು ಹಾಕಿಕೊಳ್ಳುತ್ತಿದ್ದೆ.

ನಿಮ್ಮ ಶಾಲೆಗೆ ತಾಂಡಾದ ಮಕ್ಕಳು ಬರ್ತಾರಾ? ಹಾಗಿದ್ದರೆ ಇನ್ನೊಂದು ಮಾತು. ಲಂಬಾಣಿ ಮಗುವಿಗೆ ಅಮ್ಮ ಅಂದರೆ ಯಾಡಿ, ರೊಟ್ಟಿ ಅಂದರೆ ಬಾಟಿ. ಒಂದನೇ ತರಗತಿಗೆ ಬಂದ ದಿನವೇ ಅದು ಕನ್ನಡವನ್ನೂ ಕಲಿಯಬೇಕು, ಅಕ್ಷರವನ್ನೂ ಕಲಿಯಬೇಕು. ಅದು ದಡ್ಡ ಅಲ್ಲ, ಮಾಡ್ತಿರೋದು ಎರಡು ಕೆಲಸ. ನಾನು ತಾಂಡಾದ ಹಿರಿಯ ಹುಡುಗಿಯರನ್ನು ಚಿಕ್ಕವರ ಪಕ್ಕ ಕೂರಿಸುತ್ತಿದ್ದೆ. ನಾನೂ ಹತ್ತಿಪ್ಪತ್ತು ಪದ ಕಲಿತೆ. ನನ್ನ ಉಚ್ಚಾರಣೆಗೆ ಇಡೀ ತರಗತಿ ನಕ್ಕಿತು.

ಲೆಕ್ಕದ ಬಗ್ಗೆ ಚಿಕ್ಕದಾಗಿ. 52ರಲ್ಲಿ 17 ಕಳೆ ಅಂದರೆ ತುಂಬಾ ಮಕ್ಕಳು 45 ಅಂತ ಬರೀತಾರೆ. ದೊಡ್ಡದರಲ್ಲಿ ಚಿಕ್ಕದು ಕಳೆಯಬೇಕು ಅಂತ ಯಾರೋ ಹೇಳಿದ್ದನ್ನು ಹಿಡಿದು 7ರಲ್ಲಿ 2 ಕಳೀತಾರೆ. ಅದೇ ಮಗುವಿಗೆ ‘52 ರೂಪಾಯಿ ಇದೆ, ಅಂಗಡಿಯಲ್ಲಿ 17 ಕೊಟ್ಟೆ, ಎಷ್ಟು ಉಳೀತು?’ ಅಂದರೆ ಬಾಯಲ್ಲೇ 35 ಅನ್ನುತ್ತೆ. ತೊಗರಿ ಕಟ್ಟಿಗೆ ಮುರಿದು ಹತ್ತು ಹತ್ತರ ಕಟ್ಟು ಮಾಡಿ ಕೊಡಿ. ಒಂದು ಕಟ್ಟು ಬಿಚ್ಚದೇ ಏಳು ಕಡ್ಡಿ ಕೊಡಕ್ಕಾಗಲ್ಲ ಅಂತ ಕೈಗೆ ಗೊತ್ತಾಗಬೇಕು.

ಇಷ್ಟೆಲ್ಲ ಮಾಡಿದರೂ ಮಗು ಶಾಲೆಯಲ್ಲಿ ಇರಬೇಕಲ್ಲ. ನಿಮ್ಮ ನಿಜವಾದ ಕೆಲಸ ಇರೋದು ಇಲ್ಲಿ. ಗುರುಗಳು ಮಾಡಲಾಗದ್ದು ನಿಮ್ಮಿಂದ ಆಗುತ್ತೆ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ ಅಂತ ಗುಳೆ ಹೋಗ್ತಾರೆ. ಯುಗಾದಿಗೆ ವಾಪಸ್ ಬರುವಷ್ಟರಲ್ಲಿ ಮಗು ಕಲಿತದ್ದೆಲ್ಲ ಮರೆತಿರುತ್ತೆ. ಹೊರಡುವ ಮೊದಲೇ ಆ ಮನೆಗಳಿಗೆ ಹೋಗಿ. ಅಜ್ಜಿಯ ಹತ್ತಿರ ಬಿಟ್ಟು ಹೋಗಲು ಒಪ್ಪಿಸಿ. ಆಗಲಿಲ್ಲ ಅಂದರೆ ಹತ್ತಿರದಲ್ಲಿ ಯಾವ ಹಾಸ್ಟೆಲ್‌ನಲ್ಲಿ ಜಾಗ ಇದೆ ಅಂತ ವಿಚಾರಿಸಿ ಕೊಡಿ.

ಹತ್ತಿ ಬಿಡಿಸುವ ಕಾಲದಲ್ಲಿ ಇನ್ನೊಂದು. ಒಂಬತ್ತು ವರ್ಷದ ಹುಡುಗಿ ವಾರಗಟ್ಟಲೆ ಬರಲಿಲ್ಲ. ಹೊಲಕ್ಕೆ ಹೋಗಿರಬೇಕು ಅಂದುಕೊಂಡು ಅವರ ಮನೆಗೆ ಹೋದೆ. ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವ್ವ ಹೊಲಕ್ಕೆ ಹೋಗೋದು ಎಂಟಕ್ಕೆ, ಅಂಗನವಾಡಿ ಬಾಗಿಲು ತೆಗೆಯೋದು ಹತ್ತೂವರೆಗೆ. ನಮ್ಮ ಎಸ್‌ಡಿಎಂಸಿ ಹೆಣ್ಣುಮಕ್ಕಳು ಕಾರ್ಯಕರ್ತೆಯ ಜೊತೆ ಕೂತು ಮಾತಾಡಿದರು. ಆ ಮೂರು ತಿಂಗಳು ಬೇಗ ತೆಗೆಯೋದು, ಒಬ್ಬೊಬ್ಬ ತಾಯಿ ಸರದಿ ಮೇಲೆ ಅಲ್ಲಿ ಕೂರೋದು ಅಂತಾಯ್ತು. ಆ ಹುಡುಗಿ ಮಾತ್ರ ಅಲ್ಲ, ಇನ್ನೂ ನಾಲ್ಕು ಜನ ಅಕ್ಕಂದಿರು ಶಾಲೆಗೆ ಬಂದರು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರೇ ಇರಬೇಕು. ಸಹಿಗೆ ಮಾತ್ರ ಕರೆಯಬೇಡಿ, ಇಂಥದ್ದು ನಮಗೆ ಹೊಳೆಯೋದೇ ಇಲ್ಲ.

ಒಂದು ಎಚ್ಚರಿಕೆ. ಮುಖ್ಯ ಗುರುಗಳ ಹತ್ತಿರ ತಪಾಸಣೆಗೆ ಬಂದವರ ಹಾಗೆ ಹೋಗಬೇಡಿ. 60 ಮಕ್ಕಳವರೆಗೆ ಎರಡೇ ಶಿಕ್ಷಕರು ಅನ್ನೋದು ಕಾಯ್ದೆಯ ಲೆಕ್ಕ. ಐದು ತರಗತಿ, ಇಬ್ಬರು. ಅದರ ಮೇಲೆ ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಆನ್‌ಲೈನ್ ಎಂಟ್ರಿ, ಮತದಾರರ ಪಟ್ಟಿ. ‘ಬಿಸಿಯೂಟದ ಹೊತ್ತಿಗೆ ನಾವು ಇಬ್ಬರು ಬಂದು ನಿಲ್ತೀವಿ, ಆ ಒಂದೂವರೆ ಗಂಟೆ ನೀವು ಬೇರೇನೂ ಮಾಡಬೇಡಿ, ಓದಿಸಿ’ ಅಂತ ಕೇಳಿ. ನನಗೆ ಯಾರಾದರೂ ಹಾಗೆ ಕೇಳಿದ್ದರೆ ಅವತ್ತೇ ಒಪ್ಪುತ್ತಿದ್ದೆ.

ದಾನಿಗಳಿಗೆ ಇಲ್ಲ ಅನ್ನೋದು ಕಷ್ಟ, ಗೊತ್ತು. ಅವರನ್ನೇ ಒಂದು ದಿನ ಶಾಲೆಗೆ ಕರೆಸಿ ಹತ್ತು ಮಕ್ಕಳನ್ನು ಓದಿಸಲು ಹೇಳಿ. ಓದಿಸಿದ ಮೇಲೆ ಯಾವ ಗುಂಪಿನಲ್ಲಿ ಎಷ್ಟು ಮಕ್ಕಳು ಬಂದರು ಅಂತ ಇಲ್ಲೇ ಬರೆಯಿರಿ. ಅದನ್ನು ನೋಡಿಕೊಂಡು ಮೊದಲ ತಿಂಗಳು ಹೇಗೆ ಅಂತ ಮಾತಾಡೋಣ.