ಹಳೆಯ ಹೈಬ್ರಿಡ್ ಕ್ಯಾಂಪಿಂಗ್ ಟ್ರೇಲರ್‌ನ ಹೊರಗೋಡೆ ಉಬ್ಬುವುದೇಕೆ? ಸರಿಪಡಿಸುವುದು ಹೇಗೆ?

ಗೋಡೆಯೊಳಗೆ ನೀರು ಇಳಿದಿರುವುದರಿಂದ. ಆದ್ದರಿಂದ ಉಬ್ಬನ್ನು ಮುಟ್ಟುವ ಮೊದಲು ನೀರಿನ ದಾರಿಯನ್ನು ಮುಚ್ಚಿ.

ಅಮೆರಿಕದ ಈ ಟ್ರೇಲರ್‌ಗಳಿಗೆ ಗಟ್ಟಿ ಗೋಡೆಗಳ ಜೊತೆಗೆ, ತುದಿಗಳಲ್ಲಿ ಹೊರಕ್ಕೆ ಮಡಚಿ ತೆರೆಯುವ ಡೇರೆಯ ಹಾಸಿಗೆಗಳಿರುತ್ತವೆ. ಆ ಹಾಸಿಗೆಗಳನ್ನು ಮುಚ್ಚುವ ಬಾಗಿಲುಗಳ ಸುತ್ತಲಿನ ರಬ್ಬರ್ ಪಟ್ಟಿ ವರ್ಷಗಳ ಬಿಸಿಲಿಗೆ ಗಡಸಾಗಿ, ಚಪ್ಪಟೆಯಾಗಿ, ಮಳೆನೀರನ್ನು ಒಳಗೆ ಬಿಡುತ್ತದೆ. ಅನೇಕ ಮಾದರಿಗಳ ಗೋಡೆಯಲ್ಲಿ ಹೊರಗೆ ಫೈಬರ್‌ಗ್ಲಾಸ್ ಹಾಳೆ, ಅದರ ಬೆನ್ನಿಗೆ ತೆಳು ಪ್ಲೈವುಡ್, ಅದರ ಹಿಂದೆ ಥರ್ಮೊಕೋಲ್. ಎಲ್ಲವನ್ನೂ ಹಿಡಿದಿರುವುದು ಅಂಟು ಮಾತ್ರ. ನೀರು ಕುಡಿದ ಪ್ಲೈವುಡ್‌ನ ಪದರಗಳು ಒಂದನ್ನೊಂದು ಬಿಡುತ್ತವೆ, ಹಿಡಿತ ತಪ್ಪಿದ ಹಾಳೆ ಹಪ್ಪಳದಂತೆ ಉಬ್ಬುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗಿ: ಅಂಟು ಬಿಟ್ಟ ಕಡೆ ಟೊಳ್ಳು ಸದ್ದು ಬರುತ್ತದೆ.

ರಬ್ಬರ್ ಪಟ್ಟಿ ಬದಲಿಸಿ. ಮೂಲೆಯ ಅಲ್ಯೂಮಿನಿಯಂ ಪಟ್ಟಿಗಳನ್ನು ಬಿಚ್ಚಿ, ಹಳೆಯ ಅಂಟನ್ನು ಪೂರ್ತಿ ಕೆರೆದು, ಹೊಸ ಬ್ಯುಟೈಲ್ ಟೇಪ್ ಹಾಕಿ. ಅದು ಗಟ್ಟಿಯಾಗದೆ ಮೆತ್ತಗೇ ಉಳಿಯುವ ಅಂಟುಪಟ್ಟಿ. ದಯವಿಟ್ಟು ಸಿಲಿಕೋನ್ ಬಳಿಯಬೇಡಿ, ಅದರ ಮೇಲೆ ಮುಂದೆ ಬೇರೆ ಅಂಟು ಹಿಡಿಯುವುದು ಬಹಳ ಕಷ್ಟ. ಗೋಡೆ ಪೂರ್ತಿ ಒಣಗುವವರೆಗೆ, ವಾರಗಳೇ ಹಿಡಿದರೂ, ಕಾಯಿರಿ. ಆಮೇಲೆ ಅಂಟು ಬಿಟ್ಟ ಜಾಗಕ್ಕೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟನ್ನು ತುಂಬಿ, ಹಲಗೆ ಒತ್ತಿಟ್ಟು ಬಿಗಿಯಬಹುದು. ಪ್ಲೈವುಡ್ ಕೊಳೆತು ಪುಡಿಯಾಗಿದ್ದರೆ ಮಾತ್ರ ಅಷ್ಟು ಭಾಗವನ್ನು ಕತ್ತರಿಸಿ ತೆಗೆಯಲೇಬೇಕು.